ಹಿಂದಕ್ಕೆ ಹೋಗಿ ಎಂದ ಮಳೆಗಾಲ

ಹಳೇಬೀಡಿನಲ್ಲೇ ಬಸ್ಸು ತುಂಬಿಹೋಯಿತು. ಹಗರೆಯಲ್ಲಿ ನನ್ನ ತಂಗಿಯ ಮಗಳ ನಿಶ್ಚಿತಾರ್ಥ. ಹೊತ್ತಾಗಿತ್ತು, ಇನ್ನೊಂದು ಬಸ್ಸಿಗೆ ಕಾಯುವ ಹಾಗಿರಲಿಲ್ಲ. ನಾನೂ ನಮ್ಮ ಯಜಮಾನರೂ ಮುಂಬಾಗಿಲ ಹತ್ತಿರ ಕಂಬ ಹಿಡಿದು ನಿಂತೆವು. ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ಇವರ ಬೆನ್ನು ತಟ್ಟಿ, "ಯಜಮಾನ್ರೇ, ಹಿಂದಕ್ಕೆ ಹೋಗಿ, ಹಿಂದೆ ಖಾಲಿ ಐತೆ" ಎಂದ. ಇವರು ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ನಾನು ತಟ್ಟನೆ ಇವರ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಅವರು ಎಲ್ಲೂ ಹೋಗಲ್ಲ ಕಣಪ್ಪ. ಇಲ್ಲೇ ಇರ್ತಾರೆ."

ಸುತ್ತಲಿದ್ದ ನಾಲ್ಕು ಜನ ನಕ್ಕರು. ಕಂಡಕ್ಟರೂ ನಕ್ಕ. ನನಗೆ ನಗು ಬರಲಿಲ್ಲ. ಜಿಟಿಜಿಟಿ ಮಳೆ ಹಿಡಿದಿತ್ತು, ಕಿಟಕಿಯಿಂದ ನೆಂದ ನೀಲಗಿರಿ ಎಲೆಯ ವಾಸನೆ ಬರತೊಡಗಿತ್ತು. ಆ ವಾಸನೆ ಬಂತೆಂದರೆ ತೋಪು ಬಂತು, ತೋಪು ದಾಟಿದರೆ ಇಳಿಜಾರು, ಇಳಿಜಾರಿನ ಕೆಳಗೆ ಕೆರೆ ಏರಿ. ಮೂರು ವರ್ಷದ ಹಿಂದಿನ ಒಂದು ಮಳೆಗಾಲ ಪೂರ್ತಿ ಇದೇ ರಸ್ತೆಯಲ್ಲಿ, ಇದೇ ವಾಸನೆಯಲ್ಲಿ ನಾನು ಜೀವ ಕೈಯಲ್ಲಿ ಹಿಡಿದು ಗಾಡಿ ಓಡಿಸಿದ್ದೇನೆ. ನನ್ನ ಜೀವದ ಚಿಂತೆ ಅಷ್ಟಾಗಿರಲಿಲ್ಲ, ಹಿಂದೆ ಕೂತವರದ್ದೇ ಚಿಂತೆ.

ನಮ್ಮದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರದ ಮನೆ. ಇವರು ಹುಟ್ಟಿದ್ದು ತೋಟದ ಹಳ್ಳಿಯಲ್ಲಿ, ಬೆಳೆದದ್ದು ಹೆಚ್ಚುಕಡಿಮೆ ಎತ್ತಿನ ಗಾಡಿಯ ಮೇಲೆ. ಮಾವನವರು ಸಂತೆಗೆ ಕಾಯಿ ಹೇರಿಕೊಂಡು ಹೊರಟರೆ ಕಾಯಿ ರಾಶಿಯ ಮೇಲೆ ಇವರೂ ಒಂದು ಕಾಯಿ. ನಾನು ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನ ಹುಡುಗಿ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಮಗಳು. ಎತ್ತಿನ ಗಾಡಿ ಹತ್ತಿದ್ದು ಮದುವೆಯಾದ ಮೇಲೆ, ಅದೂ ಮೂರೋ ನಾಲ್ಕೋ ಸಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಅಷ್ಟೂ ಪೇಚಾಟ ಹುಟ್ಟಿದ್ದು ಇಲ್ಲೇ.

ಸಕ್ಕರೆ ಕಾಯಿಲೆ ಇವರ ಕಣ್ಣಿಗೆ ತಗುಲಿದಾಗ ಡಾಕ್ಟರು ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದರು. ಅಂಗಡಿಯ ಪಿಕಪ್ ನನ್ನ ಪಾಲಿಗೆ ಬಂತು. ನನಗೆ ಮೊದಲೇ ಓಡಿಸಲು ಬರುತ್ತಿತ್ತು, ಮಂಡಿಗೆ ಮೂಟೆ ಸಾಗಿಸುತ್ತಾ ಕೈಯೂ ಕುದುರಿತು. ಇವರು ಮಾತ್ರ ಕುಗ್ಗಿಹೋದರು. ಹಜಾರದ ಕುರ್ಚಿಯಲ್ಲಿ ಕೂತು ಗೋಡೆ ನೋಡುವುದೇ ಕೆಲಸವಾಯಿತು. ಒಂದು ದಿನ ಮೊಬೈಲನ್ನು ಮೂಗಿಗೆ ಹತ್ತಿರ ಹಿಡಿದು ಯಾವುದೋ ವಿಡಿಯೋ ನೋಡಿದರು. ಯಾವುದೋ ದೇಶದಲ್ಲಿ ಗಂಡ ಹೆಂಡತಿ ಒಂದು ಇಡೀ ಮನೆಯನ್ನೇ ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಇವರ ಮುಖ ಅರಳಿದ್ದನ್ನು ನಾನು ಎಷ್ಟೋ ತಿಂಗಳ ಮೇಲೆ ನೋಡಿದೆ. ಬೇಡ ಎನ್ನಲು ಬಾಯಿ ಬರಲಿಲ್ಲ.

ಹಾಗೆ ಬಂತು ನಮ್ಮ ಮನೆಗಾಡಿ. ಬೆಂಗಳೂರಿನ ಹೊರಗೆ ಯಾವುದೋ ಸಿನಿಮಾದವರ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಬಿಳಿ ಡಬ್ಬ. ಒಳಗೆ ಎರಡು ಮಂಚ, ಒಂದು ಒಲೆ, ಕೈತೊಳೆಯುವ ಬೋಗುಣಿ, ಒಬ್ಬರು ಉಸಿರು ಬಿಗಿಹಿಡಿದು ನಿಲ್ಲಬಹುದಾದ ಬಚ್ಚಲು. ನೀರಿನ ತೊಟ್ಟಿ ತೂತಾಗಿತ್ತು, ಅದಕ್ಕೆ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಇಟ್ಟುಕೊಂಡೆವು. ಭಾರ ಅಂದರೆ ಭಾರ. ಪಿಕಪ್ಪಿಗೆ ಕೊಂಡಿ ಬೆಸುಗೆ ಹಾಕಿಕೊಟ್ಟವನು ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯ ಮಲ್ಲೇಶ. ಇವರ ಲೆಕ್ಕಾಚಾರ ಸರಳವಾಗಿತ್ತು. ಬೇಲೂರು, ಹಳೇಬೀಡು ನೋಡಲು ಬರುವ ಸಂಸಾರಗಳು ಲಾಡ್ಜಿಗೆ ಹೋಗುವ ಬದಲು ಇದರಲ್ಲಿ ಇರುತ್ತವೆ. ಅವರು ಹೇಳಿದ ಊರಿಗೆ ಎಳೆದುಕೊಂಡು ಹೋಗಿ, ಪರಿಚಯದವರ ಹಿತ್ತಲಲ್ಲಿ ನಿಲ್ಲಿಸಿ, ಎರಡು ದಿನ ಬಿಟ್ಟು ಎಳೆದುಕೊಂಡು ಬರುವುದು. ಎಳೆಯುವುದು ಯಾರು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಮಾಲೇಕಲ್ಲಿನ ಬೆಟ್ಟದ ಬುಡದಲ್ಲಿ ಬಯಲು ಸಿಕ್ಕಿತು, ಅಲ್ಲಿ ಒಂದು ವಾರ ಕಲಿತೆ. ಮುಂದಕ್ಕೆ ಎಳೆಯುವುದು ಹೇಗೋ ಆಗುತ್ತದೆ. ರಿವರ್ಸ್ ಅಂದರೆ ತಲೆ ಕೆಡುತ್ತದೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಡಬ್ಬ ಬಲಕ್ಕೆ ಹೋಗುತ್ತದೆ, ಸರಿಮಾಡಲು ಹೋದರೆ ಮಡಚಿಕೊಂಡು ಪಿಕಪ್ಪಿನ ಕೆನ್ನೆಗೇ ಬರುತ್ತದೆ. ಬೆಟ್ಟ ಹತ್ತಲು ಬಂದ ಭಕ್ತರು ಮೆಟ್ಟಿಲಲ್ಲಿ ಕೂತು ನನ್ನನ್ನು ನೋಡುತ್ತಿದ್ದರು. ಇವರು ಪಕ್ಕದಲ್ಲಿ ಕೂತು, "ಎಡಕ್ಕೆ, ಎಡಕ್ಕೆ, ಅಯ್ಯೋ ನಿನ್ನ ಎಡಕ್ಕಲ್ಲ ಕಣೇ" ಎನ್ನುತ್ತಿದ್ದರು. ಕಣ್ಣು ಮಂಜಾದಷ್ಟೂ ಇವರ ಬಾಯಿ ಚುರುಕಾಗಿತ್ತು.

ಆಷಾಢ ಹಿಡಿಯುತ್ತಿದ್ದಂತೆ ಮೊದಲ ಗಿರಾಕಿ ಸಿಕ್ಕಿದರು, ಗಾಡಿಯನ್ನು ಬೇಲೂರಿಗೇ ತಂದುಕೊಡಿ ಎಂದರು. ಇವರು ಕೊಂಡಿಗೆ ವಿಭೂತಿ ಹಚ್ಚಿ, ಕೈಮುಗಿದು, ಮಲ್ಲೇಶನಿಗೆ ಕಾಫಿ ಕುಡಿಸಿ ಗಾಡಿ ಹತ್ತಿದರು. ಮಲ್ಲೇಶ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದ. "ಗಿರಿಜಕ್ಕ, ಹಿಂದಿನ ಗಾಡಿ ಏನಾರ ತೂಗಾಡಕ್ಕೆ ಶುರು ಮಾಡ್ತು ಅನ್ನು, ಬ್ರೇಕ್ ಮಾತ್ರ ತುಳೀಬ್ಯಾಡ. ಕಾಲು ಎತ್ಬುಡು, ಸ್ಟೇರಿಂಗ್ ನೆಟ್ಟಗೆ ಹಿಡ್ಕೊ, ಅಷ್ಟೇಯ. ತುಳುದ್ರೆ ಮಕಾಡೆ ಮಗುಚ್ಕತದೆ."

ಅರಸೀಕೆರೆಯ ಕಡೆ ಮಳೆ ಬರೀ ಸೋನೆ. ಜಾವಗಲ್ ದಾಟಿದರೆ ಮೋಡ ಕೆಳಗಿಳಿಯುತ್ತದೆ. ಹಳೇಬೀಡಿನ ಕೆರೆ ಬರುವ ಹೊತ್ತಿಗೆ ವೈಪರ್ ನಿಲ್ಲಿಸುವ ಹಾಗಿರಲಿಲ್ಲ. ಅಲ್ಲಿಂದ ಬೇಲೂರಿಗೆ ಹೋಗುವ ನೇರ ರಸ್ತೆಯನ್ನು ಆ ವರ್ಷ ಅಗೆದು ಹಾಕಿದ್ದರು, ಹಗರೆಯ ಮೇಲೆ ಸುತ್ತಿಕೊಂಡು ಹೋಗಬೇಕಿತ್ತು. ಎರಡೂ ಕಡೆ ಆಲೂಗಡ್ಡೆ ಹೊಲ, ಕೆಸರು, ಎದುರಿಗೆ ಹಾಲಿನ ಲಾರಿಗಳು. ಇವರು ಉದ್ದಕ್ಕೂ ಹೇಳುತ್ತಲೇ ಇದ್ದರು. ಗೇರ್ ಇಳ್ಸು. ಹಾರನ್ ಹೊಡಿ. ಅಗಾ, ಹಸ ಬತ್ತಾ ಐತೆ. ಕಣ್ಣು ಕಾಣದವರು ನನಗೆ ಹಸ ತೋರಿಸುತ್ತಿದ್ದರು. ನೀಲಗಿರಿ ತೋಪಿನ ಹತ್ತಿರ, ಇಳಿಜಾರು ಶುರುವಾಗುವ ತಲೆಯಲ್ಲಿ, ಒಂದು ಟೀ ಅಂಗಡಿ ಇದೆ. ಅಲ್ಲಿ ನಿಲ್ಲಿಸಿ ಟೀ ಕುಡಿದೆವು. ಮತ್ತೆ ಹತ್ತಿ ಕೂತು ಇಳಿಜಾರಿನ ಕಡೆ ನೋಡುತ್ತೇನೆ, ಕೆಳಗೆ ಕೆರೆ ನೀರು ರಸ್ತೆಯ ಅಂಚಿನವರೆಗೂ ಬಂದಿದೆ. ಇವರು, "ಇಲ್ಲಿ ಹುಷಾರು, ಇಲ್ಲಿ ನೋಡು, ಎರಡನೇ ಗೇರ್ ಹಾಕು, ಹಾಕಿದ್ಯಾ?" ಎಂದು ಮತ್ತೆ ಶುರುಮಾಡಿದರು.

"ರೀ, ನೀವು ಹಿಂದಕ್ಕೆ ಹೋಗಿ!" ಎಂದೆ. ಮಾತೇನು, ಕಿರುಚಿದ್ದೇ.

ಇವರು ನನ್ನನ್ನು ಒಂದು ಗಳಿಗೆ ನೋಡಿದರು. ಕೊಡೆ ತೆಗೆದುಕೊಂಡು ಇಳಿದು, ಮಳೆಯಲ್ಲಿ ನಡೆದುಹೋಗಿ ಮನೆಗಾಡಿ ಹತ್ತಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಧಡ್ ಧಡ್ ಎಂದು ಸದ್ದು ಬಂತು. ಸಿಟ್ಟಿನಲ್ಲಿ ಸಾಮಾನು ಎತ್ತಿಹಾಕುತ್ತಿದ್ದಾರೆ ಎಂದುಕೊಂಡೆ. ಹಾಕಿಕೊಳ್ಳಲಿ, ನನಗೂ ಸಿಟ್ಟಿತ್ತು.

ಇಳಿಜಾರಿನ ನಡುವೆ ಕನ್ನಡಿಯಲ್ಲಿ ಬಿಳಿ ಗೋಡೆ ಎಡಕ್ಕೆ ಇಣುಕಿತು. ಮಾಯವಾಯಿತು. ಬಲಕ್ಕೆ ಇಣುಕಿತು. ಸ್ಟೇರಿಂಗ್ ನನ್ನ ಕೈಯಲ್ಲಿ ತಾನೇ ಅಲ್ಲಾಡತೊಡಗಿತು. ಕಾಲು ಎತ್ತಿದೆ. ಕೆರೆ ಏರಿ ಬರುವಷ್ಟರಲ್ಲಿ ತೂಗಾಟ ನಿಂತಿತು. ಬೇಲೂರಿನಲ್ಲಿ ಇವರು ಏನೂ ಆಗದವರ ಹಾಗೆ ಇಳಿದು ಬಂದು, "ಚೆನ್ನಾಗಿ ಇಳಿಸ್ದೆ" ಎಂದರು. ಅದು ಚುಚ್ಚುಮಾತು ಎಂದೇ ನನಗೆ ಅನ್ನಿಸಿತು.

ಆಮೇಲೆ ಇದೇ ಪದ್ಧತಿಯಾಯಿತು. ಎರಡು ಮೂರು ದಿನಕ್ಕೊಂದು ಸಲ ಬೇಲೂರಿಗೆ. ಟೀ ಅಂಗಡಿಯವರೆಗೆ ಇವರು ನನ್ನ ಪಕ್ಕ. ಅಲ್ಲಿ ಲೋಟ ಕೆಳಗಿಟ್ಟು, ಕೊಡೆ ತೆಗೆದುಕೊಂಡು, ನಾನು ಏನೂ ಹೇಳದೆಯೇ ಹಿಂದಕ್ಕೆ ಹೋಗುವುದು. ಬಾಗಿಲು ಟಪ್. ಒಳಗೆ ಧಡ್ ಧಡ್. ನಾನು ಸ್ಟೇರಿಂಗ್ ಹಿಡಿದು ಕೂತು, ಈ ಮನುಷ್ಯನ ಮುನಿಸು ಎಷ್ಟು ದಿನ ಎಂದು ಯೋಚಿಸುತ್ತಿದ್ದೆ. ಬನ್ನಿ, ಮುಂದೆ ಕೂತ್ಕೊಳ್ಳಿ ಎಂದು ಕರೆಯಬೇಕು, ಎಳೆಯುವ ಗಾಡಿಯಲ್ಲಿ ಜನ ಕೂರಬಾರದು ಎಂದು ನನಗೂ ಗೊತ್ತು. ಮಾತು ಗಂಟಲವರೆಗೂ ಬರುತ್ತಿತ್ತು. ನಾನೇ ಹೊರಗೆ ಹಾಕಿದವಳು ನಾನೇ ಕರೆದರೆ ಸೋತ ಹಾಗಲ್ಲವೇ ಎಂದು ನುಂಗಿಕೊಳ್ಳುತ್ತಿದ್ದೆ. ಆ ಹಟ ನೆನೆದರೆ ಈಗಲೂ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ಮತ್ತೆ ಆ ತೂಗಾಟ. ಪ್ರತಿ ಸಲವೂ, ಆ ಇಳಿಜಾರಿನಲ್ಲೇ. ಜಾವಗಲ್ಲಿನ ತಿರುವುಗಳಲ್ಲಿ ಇಲ್ಲ, ಹಳೇಬೀಡಿನ ಸಂತೆ ಜನದ ನಡುವೆ ಇಲ್ಲ. ವಾಪಸ್ಸು ಬರುವಾಗ ಅದೇ ದಾರಿ ಏರು, ಆಗಲೂ ಇಲ್ಲ. ಮಲ್ಲೇಶ ತನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿಕೊಂಡು ಕೊಂಡಿ ನೋಡಿದ, ಚಕ್ರ ಬಿಚ್ಚಿ ನೋಡಿದ, ಗಾಳಿ ನೋಡಿದ. ಎಲ್ಲ ಸರಿಯಾಗಿತ್ತು. ಒಂದು ದಿನ ಇವರು ಕಣ್ಣು ತೋರಿಸಲು ಹಾಸನಕ್ಕೆ ಹೋಗಿದ್ದರು, ಮಲ್ಲೇಶನೇ ನನ್ನ ಜೊತೆ ಬೇಲೂರಿನವರೆಗೆ ಬಂದ. ಇಳಿಜಾರಿನಲ್ಲಿ ಗಾಡಿ ಒಂದಿಷ್ಟೂ ಅಲ್ಲಾಡಲಿಲ್ಲ, ಸೀದಾ ಇಳಿಯಿತು.

"ನೋಡಕ್ಕ, ಪಕ್ಕದಲ್ಲಿ ಜನ ಇದ್ರೆ ನಿಂಗೆ ಧೈರ್ಯ ಇರ್ತದೆ. ಒಬ್ಳೇ ಆದ್ರೆ ಕೈ ನಡುಗ್ತದೆ, ಅಷ್ಟೇಯ" ಎಂದ ಮಲ್ಲೇಶ, ವಾಪಸ್ಸು ಬರುವಾಗ ಟೀ ಅಂಗಡಿಯಲ್ಲಿ. ಪಾಪ, ಸಮಾಧಾನಕ್ಕೇ ಹೇಳಿದ್ದು. ಟೀ ಅಂಗಡಿಯವನು ಮಾತ್ರ ಹಲ್ಲು ಕಿಸಿದು, "ಹೆಂಗಸ್ರ ಕೈ ಅಲ್ವರಾ" ಎಂದ. ನಾನು ಆವತ್ತಿನಿಂದ ಅವನ ಟೀಗೆ ಸಕ್ಕರೆ ಸಾಲದು ಎಂದು ಹೇಳುವುದನ್ನು ಬಿಡಲಿಲ್ಲ.

ಆದರೆ ಒಳಗೊಳಗೆ ನಂಬಿಬಿಟ್ಟೆ. ಗಾಡಿಯಲ್ಲಿ ದೋಷವಿಲ್ಲ, ದೋಷ ನನ್ನ ಕೈಯಲ್ಲಿದೆ. ಹೆದರಿಕೆ ಕೈಗೆ ಬರುತ್ತದೆ, ಕೈಯಿಂದ ಗಾಡಿಗೆ ಹೋಗುತ್ತದೆ, ಗಾಡಿಯಲ್ಲಿ ಇವರಿದ್ದಾರೆ. ಬೆಳಗ್ಗೆ ರೊಟ್ಟಿ ತಟ್ಟುವಾಗ ನನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದೆ, ನಡುಗುತ್ತಿದೆಯೇ ಎಂದು. ಫೋನ್ ಬಂದು ಇವರು "ಬೇಲೂರಾ? ಆಗ್ಲಿ ಬನ್ನಿ, ಬನ್ನಿ" ಎಂದರೆ ಸಾಕು, ನನಗೆ ಊಟ ಸೇರುತ್ತಿರಲಿಲ್ಲ. ಇನ್ನು ನನ್ನ ಕೈಲಾಗಲ್ಲ ಎಂದು ಕೀಲಿ ಕೊಟ್ಟುಬಿಡಬಹುದಿತ್ತು. ಆದರೆ ಇವರು ಗೋಡೆ ನೋಡುವುದನ್ನು ಬಿಟ್ಟಿದ್ದರು. ಬೆಳಗ್ಗೆ ಎದ್ದು ಡಬ್ಬದ ಮೈ ಒರೆಸುತ್ತಿದ್ದರು, ಬಂದವರಿಗೆ ಗುಡಿಯ ಕತೆಯನ್ನು ತಮಗೆ ಗೊತ್ತಿದ್ದ ಹಾಗೆ, ಗೊತ್ತಿಲ್ಲದ್ದನ್ನೂ ಸೇರಿಸಿ ಹೇಳುತ್ತಿದ್ದರು. ಅದನ್ನು ಕಿತ್ತುಕೊಳ್ಳುವುದು ಹೇಗೆ? ಇನ್ನೊಂದು ಸಲ, ಇನ್ನೊಂದು ಸಲ ಎಂದು ಆಷಾಢ ಕಳೆದೆ. ಶ್ರಾವಣ ಬಂತು.

ಶ್ರಾವಣದ ಎರಡನೇ ಶುಕ್ರವಾರ. ಬೇಲೂರಿನಲ್ಲಿ ದೊಡ್ಡ ಸಂಸಾರ ಕಾಯುತ್ತಿತ್ತು, ನೀರು ಜಾಸ್ತಿ ಬೇಕು ಎಂದಿದ್ದರು. ನಾಲ್ಕು ಕ್ಯಾನಿನ ಬದಲು ಎಂಟು ತುಂಬಿದ್ದೆವು. ಬೆಳಗಿನ ಹತ್ತು ಗಂಟೆಗೇ ಸಂಜೆಯ ಕತ್ತಲು. ಟೀ ಅಂಗಡಿಯಲ್ಲಿ ಇವರು ಲೋಟ ಇಟ್ಟರು, ಕೊಡೆ ತೆಗೆದುಕೊಂಡರು. ಆವತ್ತು ನಾನು ಬಾಯಿ ತೆರೆದೆ. "ರೀ..." ಎಂದೆ. ಮಳೆಯ ಸದ್ದಿಗೆ ಕೇಳಿಸಲಿಲ್ಲವೋ ಏನೋ, ಹೋಗಿಬಿಟ್ಟರು. ಒಳಗೆ ಧಡ್ ಧಡ್ ಸದ್ದು ಬಹಳ ಹೊತ್ತು ಬಂತು. ಕಿಟಕಿಯಿಂದ ಕೈ ಹಾಕಿ ಬೀಸಿದರು, ಹೋಗು ಎಂದು.

ಇಳಿಜಾರಿಗೆ ಮೂತಿ ಇಟ್ಟು ಇನ್ನೂ ನೂರು ಗಜ ಹೋಗಿರಲಿಲ್ಲ. ಬಿಳಿ ಗೋಡೆ ಎಡಕ್ಕೆ ಬಂತು, ಹೋಗಲಿಲ್ಲ. ಪೂರ್ತಿ ಡಬ್ಬವೇ ಕನ್ನಡಿಯಲ್ಲಿ ಕಾಣಿಸಿತು. ಮರುಕ್ಷಣ ಬಲಗಡೆ ಕನ್ನಡಿಯಲ್ಲಿ. ಪಿಕಪ್ಪಿನ ಹಿಂಭಾಗವನ್ನು ಯಾರೋ ಹಿಡಿದು ಜಾಡಿಸಿದಂತಾಯಿತು. ಎದುರಿನಿಂದ ಹಾಲಿನ ಲಾರಿ ಬರುತ್ತಿತ್ತು, ದೀಪ ಹಾಕಿ ಆರಿಸಿ ಹಾಕಿ ಆರಿಸಿ. ನನ್ನ ಕಾಲು ಬ್ರೇಕಿನ ಮೇಲಿತ್ತು. ತುಳಿಯಬೇಕು ಎಂದು ಮೈಯೆಲ್ಲ ಹೇಳುತ್ತಿತ್ತು. ಒಳಗಿದ್ದಾರೆ, ಒಳಗಿದ್ದಾರೆ ಎಂದು ಒಂದೇ ಸಮನೆ ಯಾರೋ ಹೇಳುತ್ತಿದ್ದರು, ಅದು ನಾನೇ. ಕಾಲು ಎತ್ತಿದೆ. ಸ್ಟೇರಿಂಗನ್ನು ಎದೆಗೆ ಒತ್ತಿಕೊಂಡು ನೆಟ್ಟಗೆ ಹಿಡಿದೆ. ಲಾರಿ ನನ್ನ ಕಿವಿ ಪಕ್ಕದಲ್ಲೇ ಹೋಯಿತು. ಹಿಂದೆ ಏನೋ ಒಡೆದ ಸದ್ದು. ಪಿಕಪ್ಪಿನ ಎಡಗಾಲಿ ಕೆಸರಿಗೆ ಇಳಿಯಿತು, ಮನೆಗಾಡಿಯ ವೇಗ ಸತ್ತಿತು. ಕೆರೆ ಏರಿಗೆ ಹತ್ತು ಮಾರು ಮುಂಚೆ ನಿಂತೆವು.

ಇಳಿದು ಓಡಿದ್ದು ನೆನಪಿಲ್ಲ, ಚಪ್ಪಲಿ ಕೆಸರಿನಲ್ಲಿ ಉಳಿದದ್ದು ನೆನಪಿದೆ. ಹಿಂದಿನ ಮೂಲೆ ರಸ್ತೆಬದಿಯ ಕಲ್ಲಿಗೆ ಬಡಿದು ಸೀಳಿತ್ತು. ಬಾಗಿಲು ಎಳೆದೆ. ಇವರು ಗಾಡಿಯ ಕಟ್ಟಕಡೆಯಲ್ಲಿ, ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಸುತ್ತ ಎಂಟೂ ಕ್ಯಾನು. ಎರಡು ಒಡೆದು ಇವರು ತೊಪ್ಪೆಯಾಗಿದ್ದರು. ಹಣೆಯ ವಿಭೂತಿ ಮೂಗಿನ ಮೇಲೆ ಇಳಿಯುತ್ತಿತ್ತು.

"ಏನಾದ್ರೂ ಆಯ್ತೇನ್ರೀ? ಕೈ ಆಡಿಸಿ, ಕಾಲು ಆಡಿಸಿ!"

"ಏನೂ ಆಗಿಲ್ಲ ಕಣೇ. ನಿಂಗೆ?"

ನಾನು ಅಳುತ್ತಿದ್ದೆ. ಅಳುತ್ತಲೇ ಕ್ಯಾನುಗಳ ಕಡೆ ನೋಡಿದೆ. ಅವು ಇರಬೇಕಾದದ್ದು ಮುಂದೆ, ಒಲೆಯ ಕೆಳಗೆ. "ಇವೆಲ್ಲ ಇಲ್ಲಿಗೆ ಹೆಂಗೆ ಬಂದ್ವು?"

"ನಾನೇ ತಂದೆ. ಪ್ರತಿ ಸಲಾನೂ ತರ್ತೀನಲ್ಲ, ಬೇಲೂರಲ್ಲಿ ಮತ್ತೆ ಮುಂದಕ್ಕೆ ಇಡ್ತೀನಿ."

"ಯಾಕ್ರೀ?"

ಇವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಇಳಿಜಾರಲ್ವೇನೆ? ಗಾಡಿ ಇಳೀವಾಗ ಭಾರ ಎಲ್ಲ ಎತ್ತಿನ ಕುತ್ತಿಗೆ ಮೇಲೆ ಬೀಳ್ತದೆ. ಹಿಂದಕ್ಕೆ ಹೋಗಿ ಕೂತ್ರೆ ನೊಗ ಹಗುರ ಆಯ್ತದೆ. ಅಪ್ಪ ಇಳಿಜಾರು ಬಂದ ತಕ್ಷಣ ಕೂಗ್ತಿದ್ರು, ಹಿಂದಕ್ಕೆ ಹೋಗ್ಲಾ, ಹಿಂದಕ್ಕೆ ಹೋಗು ಅಂತ. ನೀನೂ ಅವತ್ತು ಇಲ್ಲೇ ಹೇಳಿದ್ಯಲ್ಲ. ಹಿಂದಕ್ಕೆ ಹೋಗಿ ಅಂತ."

ನಾನು ಆ ನೀರಿನಲ್ಲೇ ಇವರ ಪಕ್ಕ ಕೂತುಬಿಟ್ಟೆ. ಮುನಿಸು ಎಂದುಕೊಂಡದ್ದು ಮುನಿಸಲ್ಲ. ಸಾಮಾನು ಎಸೆಯುವ ಸದ್ದು ಎಂದುಕೊಂಡದ್ದು, ಐವತ್ತೈದು ವರ್ಷದ ಸಕ್ಕರೆ ಕಾಯಿಲೆಯ ಮನುಷ್ಯ ನನ್ನ ಕುತ್ತಿಗೆಗೆ ಭಾರವಾಗಬಾರದೆಂದು ಕ್ಯಾನು ಎಳೆಯುತ್ತಿದ್ದ ಸದ್ದು.

ಫೋನ್ ಮಾಡಿದ್ದಕ್ಕೆ ಮಲ್ಲೇಶ ಅರಸೀಕೆರೆಯಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದು ನೋಡಿದ. ಹಣೆ ಚಚ್ಚಿಕೊಂಡ. "ಅಣ್ಣ, ಎತ್ತಿಗೆ ನೀನು ಮಾಡಿದ್ದು ಸರಿ. ಕಬ್ಬಿಣಕ್ಕೆ ಕುತ್ತಿಗೆ ನೋಯಾಕಿಲ್ಲ. ಹಿಂಭಾರ ಆಗಿ ಕೊಂಡಿ ಹಗುರ ಆದ್ರೆ ಗಾಡಿ ಬಾಲ ಆಡುಸ್ತದೆ. ಈ ಗಾಡಿಗೆ ಯಾವಾಗ್ಲೂ ಮುಂಭಾರನೇ ಇರ್ಬೇಕು." ಆಮೇಲೆ ನನ್ನ ಕಡೆ ತಿರುಗಿ, "ತಪ್ಪಾಯ್ತು ಗಿರಿಜಕ್ಕ, ನಿನ್ನ ಕೈ ಅಂದ್ಬುಟ್ಟೆ" ಎಂದ. ನನಗೆ ಅವನ ಮಾತು ಅರ್ಧ ಕಿವಿಗೆ ಬಿತ್ತು. ಕೈ ನೋಡಿಕೊಂಡೆ. ನಡುಗುತ್ತಿತ್ತು, ಆದರೆ ಈಗ ನಡುಗಲು ಕಾರಣವಿತ್ತು.

ಕ್ಯಾನುಗಳನ್ನು ಮುಂದಕ್ಕೆ ಹಾಕಿ, ಸೀಳಿದ ಮೂಲೆಗೆ ತಾಡಪಾಲು ಕಟ್ಟಿ, ಇವರನ್ನು ನನ್ನ ಪಕ್ಕ ಕೂರಿಸಿಕೊಂಡು ಬೇಲೂರು ಮುಟ್ಟಿದೆವು. ಗಾಡಿ ಒಂದು ಸಲವೂ ಅಲ್ಲಾಡಲಿಲ್ಲ. ಇವರು ಗೇರ್ ಇಳ್ಸು ಎಂದರು, ಹಸ ಬಂತು ಎಂದರು. ನಾನು ಹೂಂ ಎಂದೆ. ದೀಪಾವಳಿಯವರೆಗೂ ಹಾಗೇ ಎಳೆದೆವು. ಈಗ ಮನೆಗಾಡಿ ಹಳೇಬೀಡಿನಲ್ಲಿ ಪರಿಚಯದವರ ಹಿತ್ತಲಲ್ಲಿ ಕಾಯಂ ನಿಂತಿದೆ, ಬಂದವರು ಅಲ್ಲೇ ಇಳಿದುಕೊಳ್ಳುತ್ತಾರೆ, ಇವರು ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಿ ಗುಡಿಯ ಕತೆ ಹೇಳಿ ಬರುತ್ತಾರೆ. ಆ ಇಳಿಜಾರಿನ ಕತೆಯನ್ನೂ ಹೇಳುತ್ತಾರೆ. "ನಮ್ಮನೆಯೋಳು ಗಾಡಿ ಭಾರ ತಿಳಿದೋಳು, ಹಿಂದಕ್ಕೆ ಹೋಗಿ ಅಂದ್ಲು, ಹೋದೆ" ಎನ್ನುತ್ತಾರೆ. ನಾನು ಮೂರು ವರ್ಷ ತುಟಿಪಿಟಕ್ ಎಂದಿಲ್ಲ. ಸಿಟ್ಟಿನಲ್ಲಿ ಆಡಿದ ಮಾತು ಇವರನ್ನು ಕೊಲ್ಲಬಹುದಿತ್ತು ಎಂದು ಹೇಗೆ ಹೇಳುವುದು?

ಬಸ್ಸು ತೋಪು ದಾಟಿ ಇಳಿಜಾರಿಗೆ ತಿರುಗಿತು. ರಸ್ತೆಬದಿಯಲ್ಲಿ ಆ ಕಲ್ಲು ಇನ್ನೂ ವಾಲಿಕೊಂಡೇ ನಿಂತಿದೆ. ನನ್ನ ಮುಷ್ಟಿಯಲ್ಲಿ ಇವರ ಅಂಗಿ ಹಾಗೇ ಇತ್ತು.

"ರೀ," ಎಂದೆ, ಇವರಿಗಷ್ಟೇ ಕೇಳುವಂತೆ. "ಅವತ್ತು ಹಿಂದಕ್ಕೆ ಹೋಗಿ ಅಂದಿದ್ದು ಭಾರಕ್ಕಲ್ಲ. ನಿಮ್ಮ ಬಾಯಿ ತಡೆಯಕ್ಕಾಗದೆ ಸಿಟ್ಟಿಗೆ ಅಂದಿದ್ದು. ನನಗೆ ಎತ್ತಿನ ಗಾಡಿ ಏನು ಗೊತ್ತು?"

ಇವರು ಕಂಬ ಹಿಡಿದು ಕೆರೆಯ ಕಡೆ ನೋಡುತ್ತಿದ್ದರು. ನೀರು ಕಾಣಿಸುತ್ತಿತ್ತೋ ಇಲ್ಲವೋ.

"ಗೊತ್ತಿತ್ತು ಕಣೇ," ಎಂದರು. "ಮಳೇಲಿ ನಡ್ಕೊಂಡು ಹೋಗುವಾಗ ನಂಗೂ ಸಿಟ್ಟೇ ಬಂದಿತ್ತು. ಒಳಗೆ ಹೋಗಿ ಕೂತ್ಮೇಲೆ ಅನ್ನಿಸ್ತು, ಸಿಟ್ಟಲ್ಲಾದ್ರೂ ಸರಿಯಾಗೇ ಹೇಳವ್ಳೆ ಅಂತ."

ಬಸ್ಸು ಕೆರೆ ಏರಿ ಹತ್ತಿತು. ಕಂಡಕ್ಟರ್ ಮತ್ತೆ ನಮ್ಮ ಹತ್ತಿರ ಬಂದು, ಹಿಂದೆ ಎರಡು ಸೀಟು ಖಾಲಿಯಾಗಿವೆ, ಈಗಲಾದರೂ ಹೋಗಿ ಕೂತುಕೊಳ್ಳಿ ಎಂದ. ಇವರು ನನ್ನ ಮುಖ ನೋಡಿದರು. ಹಗರೆ ಬರುವವರೆಗೂ ನಾವು ಮುಂದೆಯೇ ನಿಂತಿದ್ದೆವು.